ಐದು ಮನೆಯ ತಂಬೂರಿ

ಎಲೆಕ್ಟ್ರಾನಿಕ್ ತಂಬೂರಿಯನ್ನು ಬೈಯದ ಸಂಗೀತಗಾರರು ನಮ್ಮಲ್ಲಿ ಕಡಿಮೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳದ ಸಂಗೀತಗಾರರು ಇನ್ನೂ ಕಡಿಮೆ. 'ಎಷ್ಟಾದರೂ ಯಂತ್ರ ನೋಡಿ, ಜೀವ ಇಲ್ಲ' ಎನ್ನುತ್ತಲೇ ಅದರ ಗುಂಡಿ ತಿರುಗಿಸಿ ಹಾಡಲು ಕೂರುತ್ತೇವೆ. ಅತ್ತೆಯನ್ನು ಬೈಯುತ್ತಲೇ ಅತ್ತೆ ಹಾಕಿಟ್ಟ ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದ ಹಾಗೆ!

ಆದರೆ 'ಜೀವ ಇಲ್ಲ' ಎಂಬುದು ಬೈಗುಳವಾಯಿತೇ ಹೊರತು ವಿಮರ್ಶೆಯಾಗಲಿಲ್ಲ. ಸಾರು ಚೆನ್ನಾಗಿಲ್ಲ ಎಂದರೆ ಸಾಲದು. ಉಪ್ಪು ಕಡಿಮೆಯೋ, ಹುಳಿ ಹೆಚ್ಚೋ, ಒಗ್ಗರಣೆ ಸೀದಿದೆಯೋ ಎಂದು ಹೇಳಬೇಕು. ಹಾಗೆ ಹೇಳಿದರೆ ಮಾಡಿದವರು ಮುಂದಿನ ಸಲ ತಿದ್ದಿಕೊಳ್ಳಬಹುದು. ಈ ಪುಟ್ಟ ಪೆಟ್ಟಿಗೆಯ ವಿಷಯದಲ್ಲಿ ಉಪ್ಪು ಎಲ್ಲಿ ಕಡಿಮೆಯಾಗಿದೆ ಎಂದು ಹುಡುಕುವುದೇ ಈ ಬರಹದ ಉದ್ದೇಶ.

ನಾಗರಬಾವಿಯಲ್ಲಿ ಸಂಜೆ ಆರು ಗಂಟೆಗೆ ಒಂದು ಸುತ್ತು ನಡೆದು ಬಂದರೆ ಈ ಪೆಟ್ಟಿಗೆಗಳ ಸಮ್ಮೇಳನವೇ ಕೇಳಿಸುತ್ತದೆ. ರಿಂಗ್ ರಸ್ತೆಯ ಗದ್ದಲ ಬಿಟ್ಟು ಒಳಗಿನ ಅಡ್ಡರಸ್ತೆಗಳಿಗೆ ಹೊಕ್ಕರೆ ಒಂದು ಮಹಡಿಯಲ್ಲಿ ಸರಳೆ ವರಸೆ, ಇನ್ನೊಂದರಲ್ಲಿ ದೇವರನಾಮ. ಕಲಿಯುವವರಲ್ಲಿ ಹೆಚ್ಚಿನವರು ಹುಡುಗಿಯರು. ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಮದುವೆಯಾದ ಮೇಲೆ ಬಿಟ್ಟುಹೋಗಿದ್ದ ಪಾಠವನ್ನು ಮತ್ತೆ ಹಿಡಿದ ಗೃಹಿಣಿಯರೂ ಇದ್ದಾರೆ. ಅವರೆಲ್ಲರ ಹಿಂದೆ ಗುಂಯ್‌ಗುಡುವುದು ಅದೇ ಪೆಟ್ಟಿಗೆ.

ಈ ಪೆಟ್ಟಿಗೆ ನಮ್ಮ ಬೆಂಗಳೂರಿನ ಮಗುವೇ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಕೊಳಲು ನುಡಿಸಬಲ್ಲ ಎಂಜಿನಿಯರ್ ಜಿ. ರಾಜನಾರಾಯಣ್ ಅವರು 1979ರಲ್ಲಿ ಮೊದಲ ಎಲೆಕ್ಟ್ರಾನಿಕ್ ತಂಬೂರಿಯನ್ನು ಮಾಡಿದರು. ಅವರ ರೇಡೆಲ್ ಸಂಸ್ಥೆಯ ಪೆಟ್ಟಿಗೆಗಳು ಇಲ್ಲಿಂದ ಊರೂರಿಗೆ, ದೇಶ ದೇಶಗಳಿಗೆ ಹೋದವು. ಆ ಮೇಲೆ ಬೇರೆಯವರೂ ಮಾಡಿದರು. ಈಗಂತೂ ಮೊಬೈಲ್ ಫೋನಿನಲ್ಲೇ ತಂಬೂರಿ ಇದೆ.

ಅದಕ್ಕೆ ಮೊದಲು ತಂಬೂರಿ ಮೀಟುತ್ತಿದ್ದವರು ಯಾರು? ಹಳೆಯ ಕಚೇರಿಗಳ ಫೋಟೋಗಳನ್ನು ನೆನಪು ಮಾಡಿಕೊಳ್ಳಿ. ವಿದ್ವಾಂಸರ ಹಿಂದೆ, ಅರ್ಧ ನೆರಳಿನಲ್ಲಿ, ತಂಬೂರಿಯನ್ನು ಆತುಕೊಂಡು ಕುಳಿತ ಒಬ್ಬ ಶಿಷ್ಯೆ. ಆಮಂತ್ರಣ ಪತ್ರಿಕೆಯಲ್ಲಿ ಹಾಡುವವರ, ಪಿಟೀಲಿನವರ, ಮೃದಂಗದವರ ಹೆಸರಿರುತ್ತದೆ. ತಂಬೂರಿಯವಳ ಹೆಸರು ಬಹಳ ಸಲ ಇರುವುದೇ ಇಲ್ಲ. ಎರಡೂವರೆ ಗಂಟೆ ಬೆರಳು ನಿಲ್ಲಿಸದೆ, ತಾಳಕ್ಕೆ ಸಿಗದ ಹಾಗೆ, ತನ್ನ ಇರವೇ ಗೊತ್ತಾಗದ ಹಾಗೆ ಮೀಟುವುದು ಅವಳ ಕೆಲಸ. ಮನೆಯಲ್ಲಿ ಅಭ್ಯಾಸಕ್ಕೆ ಕೂರುವ ಹೆಂಗಸಿಗೋ ಅಂಥ ಇನ್ನೊಂದು ಜೊತೆ ಕೈಗಳು ಎಲ್ಲಿಂದ ಬರಬೇಕು? ತಾನೇ ಮೀಟಿಕೊಂಡು ಹಾಡಬೇಕು. ತಂಬೂರಿ ಕೊಳ್ಳಲು ದುಡ್ಡು ಬೇಕು, ಇಡಲು ಜಾಗ ಬೇಕು, ಮಕ್ಕಳ ಕೈಗೆ ಸಿಗದ ಹಾಗೆ ಕಾಯಬೇಕು. ಪೆಟ್ಟಿಗೆ ಬಂದ ಮೇಲೆ ಎರಡು ಕೋಣೆಯ ಮನೆಯಲ್ಲಿ, ಬೆಳಗಿನ ಐದು ಗಂಟೆಗೆ, ಒಲೆಯ ಮೇಲೆ ಹಾಲಿಟ್ಟು, ಯಾರ ಹಂಗೂ ಇಲ್ಲದೆ ಹಾಡಬಹುದಾಯಿತು. ಈ ಉಪಕಾರವನ್ನು ಮೊದಲು ಒಪ್ಪಿಕೊಂಡು ಆಮೇಲೆ ಕೊರತೆ ಹೇಳುವುದು ನ್ಯಾಯ.

ಸರಿ, ಕೊರತೆ ಏನು? ಅದನ್ನು ತಿಳಿಯಬೇಕಾದರೆ ಫಿಲ್ಟರ್ ಎಂಬ ಒಂದು ವಸ್ತುವಿನ ಪರಿಚಯ ಮಾಡಿಕೊಳ್ಳಬೇಕು. ಹೆದರಬೇಡಿ, ಕಾಫಿ ಫಿಲ್ಟರಿನ ದಾಯಾದಿಯೇ ಅದು.

ಗಣೇಶನ ಹಬ್ಬದಲ್ಲಿ ಪಕ್ಕದ ಬೀದಿಯ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುತ್ತಿದೆ ಎಂದುಕೊಳ್ಳಿ. ಕಿಟಕಿ ಬಾಗಿಲು ಹಾಕಿ ಮಲಗಿದರೂ 'ದುಂ ದುಂ' ಬಿಡುವುದಿಲ್ಲ. ಹಾಡಿನ ಮಾತು ಇಲ್ಲ, ಗೆಜ್ಜೆಯ ಸದ್ದಿಲ್ಲ, ಕೊಳಲಿಲ್ಲ. ಡ್ರಮ್ಮಿನ ತಗ್ಗು ದನಿ ಮಾತ್ರ ಗೋಡೆ ದಾಟಿ ಬರುತ್ತದೆ. ಗೋಡೆ ಏನು ಮಾಡಿತು? ಎತ್ತರದ ಕಂಪನಗಳನ್ನು ತಡೆದು ತಗ್ಗಿನ ಕಂಪನಗಳನ್ನು ಒಳಗೆ ಬಿಟ್ಟಿತು. ಇದೇ ಫಿಲ್ಟರ್. ಈಗ ಎದ್ದು ಕಿಟಕಿಯನ್ನು ನಿಧಾನವಾಗಿ ತೆರೆಯುತ್ತ ಬನ್ನಿ. ದನಿ ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಳ್ಳುತ್ತದೆ: ಮೊದಲು ಗಂಡಸಿನ ಕಂಠ, ಆಮೇಲೆ ಹೆಣ್ಣಿನದು, ಕೊನೆಗೆ ತಾಳ, ಗೆಜ್ಜೆ. ಆರ್ಕೆಸ್ಟ್ರಾದವರು ಏನನ್ನೂ ಬದಲಾಯಿಸಲಿಲ್ಲ. ಬದಲಾದದ್ದು ಎಲ್ಲಿಯವರೆಗೆ ಒಳಗೆ ಬಿಡಬೇಕು ಎಂಬ ಗಡಿ ಮಾತ್ರ.

ಇನ್ನೊಂದು ಉದಾಹರಣೆ ಹೆಂಗಸರಿಗೆ ಚೆನ್ನಾಗಿ ಗೊತ್ತು. ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಒಳಗೆ ಹೋಗುತ್ತೀರಿ. ತುಂಬುತ್ತ ಬಂದಿತೆಂದು ಅಡುಗೆಮನೆಯಲ್ಲಿದ್ದುಕೊಂಡೇ ತಿಳಿಯುತ್ತದೆ, ಅಲ್ಲವೆ? ಬೀಳುವ ನೀರಿನ ಸದ್ದು ಮೊದಲಿನಿಂದ ಕೊನೆಯವರೆಗೆ ಹೆಚ್ಚು ಕಡಿಮೆ ಅದೇ. ಆದರೆ ಒಳಗಿನ ಗಾಳಿಯ ಜಾಗ ಕಿರಿದಾಗುತ್ತ ಬಂದ ಹಾಗೆ ಬಿಂದಿಗೆ ಆ ಸದ್ದಿನಲ್ಲಿ ಮೇಲು ಮೇಲಿನ ದನಿಯನ್ನು ಆರಿಸಿ ಎತ್ತಿ ಹಿಡಿಯುತ್ತದೆ. ಹೀಗೆ ಒಂದು ದನಿಯನ್ನು ಹೆಕ್ಕಿ ಮೆರೆಸುವುದನ್ನು ಅನುರಣನ ಎನ್ನುತ್ತಾರೆ. ಗೋಡೆ ತಡೆಯುವ ಫಿಲ್ಟರ್ ಆದರೆ ಬಿಂದಿಗೆ ಆರಿಸುವ ಫಿಲ್ಟರ್. ಮಾತ್ರವಲ್ಲ, ಅದು ಚಲಿಸುವ ಫಿಲ್ಟರ್. ಅದು ಚಲಿಸುವುದರಿಂದಲೇ ನಿಮ್ಮ ಕಿವಿಗೆ ಸುದ್ದಿ ಮುಟ್ಟಿತು!

ನಮ್ಮ ಬಾಯಿಯೂ ಇದೇ. ಒಂದೇ ಷಡ್ಜದಲ್ಲಿ ನಿಂತು 'ಆ', 'ಈ', 'ಊ' ಎಂದು ಹೇಳಿ ನೋಡಿ. ಶ್ರುತಿ ಬದಲಾಗಲಿಲ್ಲ, ಗಂಟಲು ಬದಲಾಗಲಿಲ್ಲ. ನಾಲಿಗೆ, ತುಟಿ ಸರಿದು ಬಾಯಿ ಬೇರೆ ಬೇರೆ ಕಂಪನಗಳನ್ನು ಆರಿಸಿತು. ಕನ್ನಡದ ಸ್ವರಾಕ್ಷರಗಳ ಸಾಲು ಅಷ್ಟೂ ಒಂದು ಫಿಲ್ಟರಿನ ನಾನಾ ಭಂಗಿಗಳು. ಮೋರ್ಸಿಂಗ್ ವಾದ್ಯದಲ್ಲಿ ಇದು ಇನ್ನೂ ಸ್ಪಷ್ಟ. ಕಬ್ಬಿಣದ ಆ ನಾಲಿಗೆಗೆ ಇರುವುದು ಒಂದೇ ಶ್ರುತಿ. ಆದರೂ ನಮ್ಮ ಬೆಂಗಳೂರಿನ ಎಲ್. ಭೀಮಾಚಾರ್ ಅವರಂಥವರ ಕೈಯಲ್ಲಿ ಅದು ಮೃದಂಗದ ಸೊಲ್ಲುಗಳನ್ನೆಲ್ಲ ಆಡಿತು. ಅವರ ಮಗಳು ಭಾಗ್ಯಲಕ್ಷ್ಮಿ ಎಂ. ಕೃಷ್ಣ ಹೆಂಗಸರು ಅಪರೂಪವಾದ ಆ ವಾದ್ಯದಲ್ಲಿ ಹೆಸರು ಮಾಡಿದರು. ಮಾತಾಡುವುದು ಕಬ್ಬಿಣವಲ್ಲ, ಅದನ್ನು ಸುತ್ತಿದ ಬಾಯಿ. ಆದ್ದರಿಂದ ಫಿಲ್ಟರ್ ಎಂದರೆ ಪರದೇಶದ ಕೃತಕ ವಸ್ತು ಎಂದು ಯಾರಾದರೂ ಮೂಗು ಮುರಿದರೆ ನಂಬಬೇಡಿ.

ಇನ್ನು ವಿದ್ಯುತ್ತಿನ ಮಾತು. ರೇಡಿಯೋದಲ್ಲಿ 'ಟೋನ್' ಎಂದು ಒಂದು ಗುಂಡಿ ಇರುತ್ತಿತ್ತಲ್ಲ, ಅದೂ ಫಿಲ್ಟರೇ. ಆದರೆ ಅದನ್ನು ಕೈಯಿಂದ ತಿರುಗಿಸಬೇಕು. ಒಂದು ಸ್ವರ ಹುಟ್ಟಿ ಸಾಯುವ ಒಂದೆರಡು ಕ್ಷಣದಲ್ಲಿ, ಪ್ರತಿ ಸ್ವರಕ್ಕೂ, ಯಾರು ಗುಂಡಿ ತಿರುಗಿಸುತ್ತ ಕೂರುವುದು? ಅಮೆರಿಕದ ರಾಬರ್ಟ್ ಮೂಗ್ 1964ರಿಂದ ಈಚೆಗೆ ಇದಕ್ಕೆ ದಾರಿ ಮಾಡಿದ. ಗುಂಡಿಯನ್ನು ಕೈಯ ಬದಲು ವೋಲ್ಟೇಜ್ ತಿರುಗಿಸಲಿ ಎಂದ. ವೋಲ್ಟೇಜ್ ಎಂದರೆ ನಮಗೆ ಗೊತ್ತೇ ಇದೆ. ಅದು ಇಳಿದರೆ ಬಲ್ಬು ಮಂಕಾಗುತ್ತದೆ, ಮಿಕ್ಸಿ ಅಳುತ್ತದೆ. ಹಾಗೆಯೇ ಇಲ್ಲಿ ವೋಲ್ಟೇಜ್ ಏರಿದರೆ ದನಿಯ ಕಿಟಕಿ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ.

ಅವನು ಮಾಡಿದ ಫಿಲ್ಟರಿಗೆ ಏಣಿಯ ಆಕಾರ. 1969ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಾಲ್ಕು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೆ ಒಂದು ಜೊತೆ ಟ್ರಾನ್ಸಿಸ್ಟರು, ನಡುವೆ ಒಂದು ಕೆಪಾಸಿಟರು. ಒಂದರ ಮೇಲೊಂದು ನಾಲ್ಕು ಕಾಫಿ ಫಿಲ್ಟರ್ ಇಟ್ಟ ಹಾಗೆ. ಗಡಿಯಿಂದ ಮೇಲೆ ಸ್ಥಾಯಿ ಒಂದು ಏರಿದರೆ ಒಂದು ಮೆಟ್ಟಿಲು ಆ ದನಿಯನ್ನು ಅರ್ಧಕ್ಕೆ ಇಳಿಸುತ್ತದೆ. ನಾಲ್ಕೂ ಸೇರಿದರೆ ಹದಿನಾರರಲ್ಲಿ ಒಂದು ಪಾಲು. ಕೆಳಗಿನಿಂದ ಮೇಲಿನವರೆಗೆ ಟ್ರಾನ್ಸಿಸ್ಟರುಗಳಲ್ಲಿ ಹರಿಯುವ ಕರೆಂಟು ಹೆಚ್ಚಿಸಿದರೆ ಅವುಗಳ ತಡೆ ಕಡಿಮೆಯಾಗಿ ಗಡಿ ಮೇಲೇರುತ್ತದೆ. ಹೊರಗೆ ಬಂದ ದನಿಯಲ್ಲಿ ಒಂದಂಶವನ್ನು ತಿರುಗಿಸಿ ಮತ್ತೆ ಒಳಗೆ ಬಿಟ್ಟರೆ ಬಿಂದಿಗೆಯ ಹಾಗೆ ಗಡಿಯ ಬಳಿಯ ದನಿ ಮೆರೆಯತೊಡಗುತ್ತದೆ. ಆ ಜಾಗದಲ್ಲಿ ನಾಲ್ಕು ಮೆಟ್ಟಿಲು ಸೇರಿ ದನಿಯನ್ನು ನಾಲ್ಕನೇ ಒಂದಕ್ಕೆ ಇಳಿಸಿರುತ್ತವೆ. ಅದನ್ನು ನಾಲ್ಕು ಪಟ್ಟು ಮಾಡಿ ಮರಳಿಸಿದರೆ ಫಿಲ್ಟರ್ ತಾನೇ ಶಿಳ್ಳೆ ಹಾಕಲು ಶುರು ಮಾಡುತ್ತದೆ. ಇಲ್ಲೊಂದು ತೆರಿಗೆಯೂ ಇದೆ: ಮೇಲಿನ ಮೆರುಗು ಹೆಚ್ಚಿಸಿದಷ್ಟೂ ತಳದ ದನಿ ಬಡವಾಗುತ್ತದೆ. ಎಷ್ಟು ಮೆರುಗಿಗೆ ಎಷ್ಟು ತಳ ಬಿಟ್ಟುಕೊಡಬೇಕು? ಇದು ಗಣಿತ ತೀರ್ಮಾನಿಸುವ ಪ್ರಶ್ನೆಯಲ್ಲ, ಕಿವಿ ತೀರ್ಮಾನಿಸುವ ಪ್ರಶ್ನೆ. ಫಿಲ್ಟರ್ ಮಾಡುವವರು ಬೇಕೋ ಬೇಡವೋ ರಸಿಕರಾಗಲೇಬೇಕು.

ಅವರನ್ನು ಕಾಡುವ ಇನ್ನೊಂದು ಶತ್ರು ಬಿಸಿಲು. ಒಂದು ವೋಲ್ಟ್ ಹೆಚ್ಚಿಸಿದರೆ ಒಂದು ಸ್ಥಾಯಿ ಮೇಲೇರಲಿ ಎಂದು ಲೆಕ್ಕ ಕಟ್ಟಿರುತ್ತಾರೆ. ಕಿವಿಯ ಲೆಕ್ಕವೂ ಅದೇ. ಷಡ್ಜದ ಕಂಪನ ಎರಡರಷ್ಟಾದರೆ ತಾರಷಡ್ಜ. ಟ್ರಾನ್ಸಿಸ್ಟರಿಗೆ ಈ ಗುಣಿಸುವ ಲೆಕ್ಕ ಹುಟ್ಟಿನಿಂದಲೇ ಬಂದಿದೆ. ಆದರೆ ಶಾಖ ಒಂದು ಡಿಗ್ರಿ ಏರಿದರೆ ಈ ಲೆಕ್ಕ ಶೇಕಡಾ 0.3ರಷ್ಟು ಕೆಡುತ್ತದೆ. ಅಷ್ಟೇ ತಾನೆ ಎನ್ನಬೇಡಿ. ಬೆಳಗಿಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸವಾದರೆ, ಮೂರು ಸ್ಥಾಯಿಯ ಅಂತರದಲ್ಲಿ ಅದು ಒಂದು ಸ್ವರಸ್ಥಾನದಷ್ಟು ಜಾರಿರುತ್ತದೆ. ಅದಕ್ಕಾಗಿ ಜೊತೆ ಟ್ರಾನ್ಸಿಸ್ಟರುಗಳನ್ನು ಬೆನ್ನಿಗೆ ಬೆನ್ನು ಅಂಟಿಸುತ್ತಾರೆ, ಶಾಖಕ್ಕೆ ಎದುರಾಗಿ ನಡೆಯುವ ರೆಸಿಸ್ಟರು ಹಾಕುತ್ತಾರೆ. ಮಳೆಗಾಲಕ್ಕೊಂದು, ಬೇಸಿಗೆಗೊಂದು ಎಂದು ತಂಬೂರಿಯ ಬಿರಡೆ ತಿರುಗಿಸಿ ಸಾಕಾದವರಿಗೆ ಇದನ್ನು ಕೇಳಿ ಸ್ವಲ್ಪ ಸಮಾಧಾನವಾದೀತು!

ಈಗ ಮರದ ತಂಬೂರಿಗೆ ಬರೋಣ. ಅದರ ಕುದುರೆಯ ಮೇಲ್ಭಾಗ ಚೂಪಾಗಿಲ್ಲ, ಅಗಲವಾಗಿ ಸ್ವಲ್ಪ ಬಾಗಿದೆ. ತಂತಿಗೂ ಕುದುರೆಗೂ ನಡುವೆ ಒಂದು ದಾರದ ಎಳೆ ಸಿಕ್ಕಿಸುತ್ತೇವೆ. ಅದನ್ನು ಜೀವಾಳ ಎನ್ನುತ್ತೇವೆ. ಹಿಂದೂಸ್ತಾನಿಯವರು ಈ ಗುಣವನ್ನು ಜವಾರಿ ಎನ್ನುತ್ತಾರೆ. ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಮಂಕಾಗಿದ್ದ ತಂತಿ ಥಟ್ಟನೆ ಬೆಳಗಿಬಿಡುತ್ತದೆ. ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿಗೆ ಬರುವುದಕ್ಕೆ ಹನ್ನೆರಡು ವರ್ಷ ಮೊದಲೇ, 1921ರಲ್ಲಿ, ಕಲ್ಕತ್ತೆಯಲ್ಲಿದ್ದಾಗ ವೀಣೆ, ತಂಬೂರಿಗಳ ಈ ಕುದುರೆಯ ಬಗ್ಗೆ ಬರೆದರು. ಸಾಮಾನ್ಯವಾಗಿ ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೋ ಅದಕ್ಕೆ ತಕ್ಕ ಹಾಗೆ ಕೆಲವು ಮೇಲಿನ ಸ್ವರಗಳು ಹುಟ್ಟಲೇಬಾರದು. ಆದರೆ ನಮ್ಮ ವಾದ್ಯಗಳಲ್ಲಿ ಅವೂ ಹುಟ್ಟುತ್ತವೆ ಎಂದು ಅವರು ತೋರಿಸಿದರು. ಅದುರುವ ತಂತಿ ಬಾಗಿದ ಕುದುರೆಯನ್ನು ಮತ್ತೆ ಮತ್ತೆ ಸವರುವುದೇ ಅದಕ್ಕೆ ಕಾರಣ. ನಮ್ಮ ಹಿರಿಯರು ಇವನ್ನೇ ಸ್ವಯಂಭೂ ಸ್ವರಗಳು ಎಂದರು. ಸೇರಿಸಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ಕೇಳಿಸಬೇಕು, ಅದೇ ಪರೀಕ್ಷೆ.

ಕಿವಿಗೊಟ್ಟು ಕೇಳಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಒಮ್ಮೆ ಮೀಟಿದ ತಂತಿಯಲ್ಲಿ ಈ ಸ್ವಯಂಭೂ ಸ್ವರಗಳು ಎಲ್ಲ ಒಟ್ಟಿಗೆ ಬೆಳಗಿ ಒಟ್ಟಿಗೆ ಆರುವುದಿಲ್ಲ. ತಂತಿಯ ಓಲಾಟ ಕಡಿಮೆಯಾಗುತ್ತ ಬಂದ ಹಾಗೆ ಹೊಳಪು ಒಂದರಿಂದ ಇನ್ನೊಂದಕ್ಕೆ ಸರಿಯುತ್ತ ಹೋಗುತ್ತದೆ, ರೇಷ್ಮೆ ಸೀರೆಯ ನೆರಿಗೆ ಸರಿದಾಗ ಬಣ್ಣ ಸರಿದ ಹಾಗೆ. ಎಂದರೆ ತಂಬೂರಿಯ ಕುದುರೆ ಒಂದು ಚಲಿಸುವ ಫಿಲ್ಟರ್. ಅದಕ್ಕೆ ಗುಂಡಿ ತಿರುಗಿಸುವವಳು ತಂತಿಯೇ.

ಉಪ್ಪು ಎಲ್ಲಿ ಕಡಿಮೆ ಎಂಬ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿ ಸಿಕ್ಕಿತು. ಅಗ್ಗದ ಪೆಟ್ಟಿಗೆಯ ದನಿ ವಿದ್ಯುತ್ತಿನದು ಎಂಬುದಕ್ಕೆ ಸತ್ತಿಲ್ಲ. ಅದರ ಫಿಲ್ಟರ್ ನಿಂತುಬಿಟ್ಟಿದೆ ಎಂಬುದಕ್ಕೆ ಸತ್ತಿದೆ. ಪ್ರತಿ ಮೀಟಿನಲ್ಲೂ ದನಿ ಜೋರಾಗಿ ಹುಟ್ಟಿ ಮೆಲ್ಲಗಾಗುತ್ತದೆ ಅಷ್ಟೇ. ಅದರ ಬಣ್ಣ ಸರಿಯುವುದಿಲ್ಲ. ಅರ್ಧ ಗಂಟೆ ಕೇಳಿದರೆ ಕಿವಿ ಜಡವಾಗುವುದು ಇದಕ್ಕೇ.

ಎರಡನೆಯ ಉತ್ತರ ಹೆಂಗಸರಾದ ನಮಗೆ ನೇರವಾಗಿ ಸಂಬಂಧಪಟ್ಟದ್ದು. ಗಂಡಸರು ಸಾಮಾನ್ಯವಾಗಿ ಒಂದು ಮನೆ ಶ್ರುತಿಯ ಆಸುಪಾಸಿನಲ್ಲಿ ಹಾಡುತ್ತಾರೆ, ನಾವು ಐದು ಅಥವಾ ಐದೂವರೆ ಮನೆಯಲ್ಲಿ. ಅವರ ಪಂಚಮ ನಮ್ಮ ಷಡ್ಜ. ಲೆಕ್ಕದಲ್ಲಿ ಹೇಳುವುದಾದರೆ ಒಂದು ಮನೆಯ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 131 ಕಂಪನ, ಐದು ಮನೆಯದಕ್ಕೆ 196. ಪೆಟ್ಟಿಗೆ ಮಾಡುವವನು ಒಂದು ಮನೆಗೆ ಚೆನ್ನಾಗಿ ಕೇಳಿಸುವ ಹಾಗೆ ನೋಡಿಕೊಂಡು ಫಿಲ್ಟರಿನ ಗಡಿಯನ್ನು 1500 ಕಂಪನಕ್ಕೆ ನಿಲ್ಲಿಸಿದ ಎಂದಿಟ್ಟುಕೊಳ್ಳಿ. ಗಂಡಸಿನ ತಂಬೂರಿಯಲ್ಲಿ ಷಡ್ಜವೂ ಸೇರಿ ಹನ್ನೊಂದು ಸ್ವಯಂಭೂ ಸ್ವರಗಳು ಗಡಿಯೊಳಗೆ ಬರುತ್ತವೆ. ಅದೇ ಪೆಟ್ಟಿಗೆಯ ಗುಂಡಿಯನ್ನು ಐದು ಮನೆಗೆ ತಿರುಗಿಸಿದರೆ? ಏಳೇ ಏಳು. ಮಿಕ್ಕ ನಾಲ್ಕು ಬಾಗಿಲ ಹೊರಗೆ. ಅದೇ ದುಡ್ಡು ಕೊಟ್ಟು ಕೊಂಡ ಪೆಟ್ಟಿಗೆ ಅವನಿಗೆ ಹನ್ನೊಂದು ಬಡಿಸಿ ನಮಗೆ ಏಳು ಬಡಿಸುತ್ತದೆ! 'ಹೆಂಗಸರ ಶ್ರುತಿಗೆ ಈ ಪೆಟ್ಟಿಗೆ ಸ್ವಲ್ಪ ಮಂಕು' ಎಂದು ನಾವು ಹೇಳಿಕೊಳ್ಳುವುದರ ಗುಟ್ಟು ಇಂಥದ್ದು. ಮಂಕು ನಮ್ಮ ಶ್ರುತಿಯದಲ್ಲ, ಗಡಿ ಹಾಕಿದವರ ಲೆಕ್ಕದ್ದು.

ಮರದ ವಾದ್ಯ ಮಾಡುವವರಿಗೆ ಇದು ಮೊದಲಿನಿಂದ ಗೊತ್ತು. ಹೆಣ್ಣು ದನಿಗೆ ಬುರುಡೆ ಚಿಕ್ಕದಾದ, ದಂಡಿ ಗಿಡ್ಡದಾದ ಬೇರೆಯೇ ತಂಬೂರಿ ಮಾಡುತ್ತಾರೆ. ಎಲೆಕ್ಟ್ರಾನಿಕ್ಸಿನಲ್ಲೂ ಮದ್ದು ಸುಲಭ. ವೋಲ್ಟೇಜಿಗೆ ಬಗ್ಗುವ ಫಿಲ್ಟರ್ ಹಾಕಿ, ಶ್ರುತಿ ಏರಿದಷ್ಟೂ ಗಡಿಯೂ ಏರುವ ಹಾಗೆ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ಸರಿ. ಸ್ಥಾಯಿಗೆ ಒಂದು ವೋಲ್ಟ್ ಎಂದೆವಲ್ಲ; ಒಂದು ಮನೆಯಿಂದ ಐದು ಮನೆಗೆ ಹನ್ನೆರಡರಲ್ಲಿ ಏಳು ಪಾಲು, ಸುಮಾರು 0.58 ವೋಲ್ಟ್. ಅಷ್ಟು ಕೊಟ್ಟರೆ 1500 ಇದ್ದ ಗಡಿ 2250ಕ್ಕೆ ಏರಿ ನಮಗೂ ಹನ್ನೊಂದು ಬಡಿಸುತ್ತದೆ. ನ್ಯಾಯದ ಬೆಲೆ ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು!

ಇದು ಬರೀ ಕಾಗದದ ಲೆಕ್ಕವಲ್ಲ. ನಮ್ಮ ಎದುರು ಮನೆಯ ಹುಡುಗಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಇಂಥದೊಂದು ಫಿಲ್ಟರ್ ಜೋಡಿಸಿದ್ದಳು. ಮಹಡಿಯ ಮೇಲೆ ಸಂಗೀತ ಹೇಳಿಕೊಡುವವರ ಮನೆಯಲ್ಲಿ ಒಂದು ಭಾನುವಾರ ಪರೀಕ್ಷೆ ನಡೆಯಿತು. ಪೆಟ್ಟಿಗೆಯ ಇಯರ್‌ಫೋನ್ ತೂತಿನಿಂದ ವೈರು ಎಳೆದು ಅವಳ ಫಿಲ್ಟರಿಗೆ, ಅಲ್ಲಿಂದ ಸ್ಪೀಕರಿಗೆ. ಪಕ್ಕದಲ್ಲಿ ಟೀಚರ ಹಳೆಯ ಹಲಸಿನ ಮರದ ತಂಬೂರಿ.

ಮೊದಲು ಶಿಳ್ಳೆ ಹಾಕಿಸಿ ತೋರಿಸಿದಳು. "ಆಂಟಿ, ಇಲ್ಲಿ ಬೆರಳಿಡಿ" ಎಂದು ನನ್ನ ಬೆರಳನ್ನು ಒಂದು ಟ್ರಾನ್ಸಿಸ್ಟರಿನ ಮೇಲೆ ಇಡಿಸಿದಳು. ಬೆರಳಿನ ಬಿಸಿಗೆ ಶಿಳ್ಳೆ ಮೆಲ್ಲಗೆ ಜಾರಿತು. ಟೀಚರು ನಕ್ಕು, "ಸರಿ ಹೋಯ್ತು, ಇದಕ್ಕೂ ಹಟ ಇದೆ" ಎಂದರು.

ಆಮೇಲೆ ಪೆಟ್ಟಿಗೆಯನ್ನು ಐದು ಮನೆಗೆ ಇಟ್ಟು, ಗಡಿಯನ್ನು ಒಂದು ಕಡೆ ನಿಲ್ಲಿಸಿ ಕೇಳಿಸಿದಳು. ಪ್ರತಿ ಮೀಟಿಗೂ ಗಡಿ ಹಾರಿ ಇಳಿಯುವ ಹಾಗೆ ಮಾಡಿ ಮತ್ತೆ ಕೇಳಿಸಿದಳು. ಟೀಚರು ಕಣ್ಣು ಮುಚ್ಚಿ ಕೇಳಿದರು.

"ಈಗ ಉಸಿರಾಡ್ತಿದೆ ಕಣೇ" ಎಂದರು. ಹುಡುಗಿಯ ಮುಖ ಅರಳಿತು. "ಆದರೆ ಒಂದು ತಂತಿ ಮೀಟಿದ ತಕ್ಷಣ ಹಿಂದಿನ ತಂತಿಯೂ ಬೆಚ್ಚಿಬೀಳುತ್ತಲ್ಲ, ಯಾಕೆ?"

ಹುಡುಗಿ ಒಂದು ನಿಮಿಷ ಸುಮ್ಮನಿದ್ದು, "ಹೌದು ಮಿಸ್. ನಾಲ್ಕು ತಂತೀನೂ ಒಂದೇ ಫಿಲ್ಟರಿನಲ್ಲಿ ಹೋಗ್ತಿದೆ" ಎಂದಳು.

ಇಷ್ಟು ಸರಿಯಾದ ವಿಮರ್ಶೆಯನ್ನು ನಾನು ಯಾವ ಸಂಗೀತ ವಿಮರ್ಶಕರ ಅಂಕಣದಲ್ಲೂ ಓದಿಲ್ಲ. ಮರದ ತಂಬೂರಿಯಲ್ಲಿ ನಾಲ್ಕು ತಂತಿಗೆ ನಾಲ್ಕು ಜೀವಾಳ. ಪಂಚಮ ಇನ್ನೂ ಬಣ್ಣ ಬದಲಿಸುತ್ತಿರುವಾಗಲೇ ಸಾರಣೆ ಹುಟ್ಟುತ್ತದೆ. ಒಂದರ ನೆರಿಗೆಯನ್ನು ಇನ್ನೊಂದು ಕೆಡಿಸುವುದಿಲ್ಲ. ಪೆಟ್ಟಿಗೆಯಲ್ಲೂ ಅದೇ ಬೇಕಾದರೆ ನಾಲ್ಕು ಫಿಲ್ಟರ್ ಬೇಕು. ಹುಡುಗಿ ಬಳಸಿದ ಎಲ್‌ಎಂ13700 ಎಂಬ ಚಿಪ್ಪಿನಲ್ಲಿ ಎರಡು ಮೆಟ್ಟಿಲಿಗಾಗುವಷ್ಟು ಸಾಮಗ್ರಿ ಇರುತ್ತದೆ. ನಾಲ್ಕು ಮೆಟ್ಟಿಲಿಗೆ ಎರಡು ಚಿಪ್ಪು, ನಾಲ್ಕು ತಂತಿಗೆ ಎಂಟು. ಖರ್ಚು ಏರುತ್ತದೆ, ನಿಜ. ಇನ್ನೂ ಒಂದು ಮಿತಿಯನ್ನು ಅವಳೇ ಹೇಳಿದಳು: ಫಿಲ್ಟರ್ ಇದ್ದುದನ್ನು ಕಳೆಯಬಲ್ಲದು, ಇದ್ದುದನ್ನು ಮೆರೆಸಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು. ನುಚ್ಚನ್ನು ಎಷ್ಟು ಜರಡಿ ಹಿಡಿದರೂ ಅಕ್ಕಿ ಬಾರದು. ಪೆಟ್ಟಿಗೆಯ ಮೂಲ ದನಿಯೇ ಬಡವಾಗಿದ್ದರೆ ಮುಂದಿನದೆಲ್ಲ ವ್ಯರ್ಥ.

ಚಲಿಸುವ ಫಿಲ್ಟರನ್ನು ನಮ್ಮ ರಾಗಗಳ ಜೊತೆ ಕೂಡಿಸಿದವರು ಹಿಂದೆಯೂ ಇದ್ದರು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಯಂತ್ರವೇ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಅಲ್ಲಿ ನೆಲೆಗೊಳಿಸಿದ. ಅದರಲ್ಲಿ ಕೆಲಸ ಮಾಡಿದವರಲ್ಲಿ ಗೀತಾ ಸಾರಾಭಾಯಿ ಒಬ್ಬರು. ಹೆಂಗಸರು ಮುಟ್ಟದಿದ್ದ ಪಖಾವಾಜ್ ನುಡಿಸಿದ ಆಕೆ ಈ ಯಂತ್ರಕ್ಕೂ ಹೆದರಲಿಲ್ಲ. ಆ ಧ್ವನಿಸುರುಳಿಗಳು ದಶಕಗಳ ಕಾಲ ಕಪಾಟಿನಲ್ಲಿದ್ದು 2023ರಲ್ಲಿ ಬೆಳಕು ಕಂಡವು.

ಇನ್ನೊಂದು 1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ತಂದ ಹತ್ತು ರಾಗಗಳ ಧ್ವನಿಮುದ್ರಿಕೆ. ಸಿನಿಮಾ ವಾದ್ಯಗೋಷ್ಠಿಯಲ್ಲಿದ್ದ ಆತ ಜಪಾನಿನ ರೋಲಂಡ್ ಕಂಪೆನಿಯ ಯಂತ್ರಗಳಲ್ಲಿ ಭೂಪಾಲಿ, ಯಮನ್, ಮಾಲಕೌಂಸ್‌ಗಳನ್ನು, ಅಂದರೆ ನಮ್ಮ ಮೋಹನ, ಕಲ್ಯಾಣಿ, ಹಿಂದೋಳಗಳ ಬಂಧುಗಳನ್ನು, ಡಿಸ್ಕೋ ತಾಳಕ್ಕೆ ನುಡಿಸಿದ. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಹೊರದೇಶದವರು ಹುಡುಕಿಕೊಂಡು ಬಂದರು. ಮುದ್ರಿಕೆಯನ್ನು ಹೊಗಳುವವರು ಅದು ಕಾಲಕ್ಕಿಂತ ಮುಂದಿತ್ತು ಎನ್ನುತ್ತಾರೆ. ನನಗೆ ಮೆಚ್ಚುಗೆಯಾದದ್ದು ಬೇರೆ. ಒಂದು ಸ್ವರದಿಂದ ಇನ್ನೊಂದಕ್ಕೆ ದನಿ ಜಾರುವಾಗ ಜೊತೆಗೆ ಅದರ ಬಣ್ಣವೂ ತೆರೆದು ಮುಚ್ಚುತ್ತದೆ. ಗಮಕ ಎಂದರೆ ಶ್ರುತಿಯ ಚಲನೆ ಮಾತ್ರವಲ್ಲ, ನಾದದ ಚಲನೆಯೂ ಹೌದು ಎಂಬುದು ಆ ಯಂತ್ರದಿಂದಲೂ ಕೇಳಿಸುತ್ತದೆ. ಮೆಚ್ಚುಗೆಯಾಗದ್ದು ಆ ತಾಳ. ಒಮ್ಮೆ ಶುರುವಾದರೆ ಹೊಲಿಗೆ ಯಂತ್ರದ ಹಾಗೆ ಓಡುತ್ತದೆ, ರಾಗಕ್ಕೆ ಒಂದು ಕಡೆ ನಿಂತು ನೋಡಲು ಬಿಡುವಿಲ್ಲ. ಆದರೂ ಯಂತ್ರದಲ್ಲಿ ಜೀವ ಇರಲಾರದು ಎನ್ನುವವರು ಇದನ್ನೊಮ್ಮೆ ಕೇಳಬೇಕು. ಫಿಲ್ಟರಿನ ಗುಂಡಿಯ ಮೇಲೆ ಒಂದು ಕೈ ಇದೆ, ಆ ಕೈಗೆ ರಾಗ ಗೊತ್ತಿದೆ ಎಂಬುದು ತಿಳಿಯುತ್ತದೆ.

ಈಗಿನ ಫೋನಿನ ತಂಬೂರಿಗಳ ಕತೆ ಬೇರೆ. ಅವುಗಳಲ್ಲಿ ಎಷ್ಟೋ ನಿಜವಾದ ತಂಬೂರಿಯ ಧ್ವನಿಮುದ್ರಣಗಳು. ಬಣ್ಣ ಸರಿಯುತ್ತದೆ, ಗಾಂಧಾರ ಕೇಳಿಸುತ್ತದೆ. ಆದರೆ ಒಂದೇ ಮುದ್ರಣವನ್ನು ಎಲ್ಲ ಶ್ರುತಿಗೂ ಎಳೆದರೆ ಹಳೆಯ ಅನ್ಯಾಯ ತಲೆಕೆಳಗಾಗಿ ಮರಳುತ್ತದೆ. ಗಂಡಸಿನ ದೊಡ್ಡ ತಂಬೂರಿಯನ್ನು ವೇಗ ಹೆಚ್ಚಿಸಿ ಐದು ಮನೆಗೆ ಏರಿಸಿದರೆ ಬುರುಡೆಯ ಗುಂಗೂ ಮೇಲೇರಿ ದನಿ ಕೀರಲಾಗುತ್ತದೆ. ಮೊದಲಿನದು ಮಂಕು, ಇದು ಕೀರಲು. ಎರಡರಲ್ಲೂ ತಪ್ಪು ಒಂದೇ: ಹೆಣ್ಣು ಶ್ರುತಿಯನ್ನು ಗಂಡು ಶ್ರುತಿಯ ಮೇಲೊಂದು ತಿದ್ದುಪಡಿ ಎಂದುಕೊಳ್ಳುವುದು.

ಹಾಗಾದರೆ ತೀರ್ಪು ಏನು? ಪೆಟ್ಟಿಗೆ ಬೇಡ ಎನ್ನುವವರ ಜೊತೆ ನಾನಿಲ್ಲ. ಹಿಂದೆ ಕುಳಿತು ಮೀಟುತ್ತಿದ್ದ ಹೆಸರಿಲ್ಲದ ಶಿಷ್ಯೆಯನ್ನು ಅದು ಎಬ್ಬಿಸಿ ಮುಂದೆ ಹಾಡಲು ಕೂರಿಸಿತು. ಅವಳನ್ನು ಮತ್ತೆ ಹಿಂದಕ್ಕೆ ಕಳಿಸಬೇಕೆಂದು ಯಾವ ಶುದ್ಧ ನಾದದ ಹೆಸರಿನಲ್ಲೂ ನಾನು ಕೇಳಲಾರೆ. ಆದರೆ ಹಿಂದೆ ಕುಳಿತಿದ್ದಾಗ ಅವಳಿಗೆ ಒಂದು ವಿದ್ಯೆ ದಕ್ಕುತ್ತಿತ್ತು. ಜೀವಾಳದ ಎಳೆ ಸರಿಸಿ ಸರಿಸಿ, ಯಾವಾಗ ತಂತಿ ಬೆಳಗಿತು ಎಂದು ಹಿಡಿಯುವ ಕಿವಿ. ಪೆಟ್ಟಿಗೆ ಆ ದುಡಿಮೆಯನ್ನು ತಪ್ಪಿಸುವಾಗ ಆ ಕಿವಿಯನ್ನೂ ತಪ್ಪಿಸಿಬಿಟ್ಟಿತು. ಶ್ರುತಿಗೊಂದು ಗುಂಡಿ, ವೇಗಕ್ಕೊಂದು ಗುಂಡಿ ಕೊಟ್ಟವರು ಜೀವಾಳಕ್ಕೊಂದು ಗುಂಡಿ ಕೊಟ್ಟಿದ್ದರೆ ಆಗುತ್ತಿತ್ತು. ಫಿಲ್ಟರಿನ ಗಡಿ ಎಲ್ಲಿರಬೇಕು, ಎಷ್ಟು ಬೇಗ ಸರಿಯಬೇಕು ಎಂಬುದನ್ನು ಹಾಡುವವಳ ಕೈಗೇ ಬಿಟ್ಟಿದ್ದರೆ ಪ್ರತಿ ಬೆಳಿಗ್ಗೆ ಅವಳೂ ಎಳೆ ಸರಿಸುತ್ತಿದ್ದಳು.

ಅಲ್ಲಿಯವರೆಗೆ ಹೊಸ ಪೆಟ್ಟಿಗೆ ಕೊಳ್ಳಲು ಹೋಗುವವರಿಗೆ ಒಂದು ಮಾತು. ಅಂಗಡಿಯವರು ಒಂದು ಮನೆಗೆ ಇಟ್ಟು ಕೇಳಿಸಿದರೆ ತಲೆದೂಗಬೇಡಿ. ಐದೂವರೆ ಮನೆಗೆ ಇಡಲು ಹೇಳಿ. ಅಂತರ ಗಾಂಧಾರ ಕೇಳುತ್ತದೆಯೇ, ಒಂದು ತಂತಿ ಮೀಟಿದಾಗ ಹಿಂದಿನದು ಬೆಚ್ಚುತ್ತದೆಯೇ, ದನಿ ಆರುವಾಗ ಬಣ್ಣ ಸರಿಯುತ್ತದೆಯೇ ಎಂದು ಐದು ನಿಮಿಷ ನಿಧಾನವಾಗಿ ಕೇಳಿ. ಇಲ್ಲ ಎನ್ನಿಸಿದರೆ ಏನು ಇಲ್ಲ ಎಂದು ಅವರಿಗೆ ಬಿಡಿಸಿ ಹೇಳಿ ಬನ್ನಿ. ನಾಲ್ಕು ಜನ ಹೇಳಿದರೆ ಮಾಡುವವರ ಕಿವಿಗೂ ಅದು ಬಿದ್ದೀತು.